ಬಹುಭುಕ್ತ ಜಲಯಾನಗಳ ಮರುಮಾರಾಟ ಮೀಮಾಂಸೆ: ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಅನುಲಕ್ಷಿಸಿ ಒಂದು ತಾತ್ವಿಕ ಅನುಸಂಧಾನ

ಪೀಠಿಕೆ

ಬಹುಕಾಲ ಬಹುವಿಧವಾಗಿ ಭುಕ್ತವಾದ ಜಲಯಾನವೊಂದು ಪ್ರಥಮ ಸ್ವಾಮಿಯಿಂದ ದ್ವಿತೀಯ ಸ್ವಾಮಿಗೆ ಸಂಕ್ರಮಿಸುವ ಸ್ಥಿತ್ಯಂತರದ ಸಂದರ್ಭದಲ್ಲಿ ಅದರ ವಿನಿಮಯಾತ್ಮಕ ಅಸ್ಮಿತೆಯನ್ನು ನಿಷ್ಕರ್ಷಿಸುವ ತಾತ್ವಿಕ ನೆಲೆಗಳಾವುವು ಎಂಬುದೇ ಪ್ರಸ್ತುತ ಅನುಸಂಧಾನದ ಮೂಲ ಪ್ರಮೇಯ. ಕುಮಟಾದ ತದಡಿ ಧಕ್ಕೆಯಲ್ಲಿ ಇದನ್ನೇ "ಈ ಹಳೇ ಬೋಟಿಗೆ ಎಷ್ಟು ಬರ್ತದೆ ಮಾರಾಯ?" ಎಂದು ಕೇಳುತ್ತಾರೆ. ಹಾಗೆ ಕೇಳಿದವರಿಗೆ ವಿಚಾರ ಸಂಕಿರಣದಲ್ಲಿ ಪ್ರಯಾಣಭತ್ಯೆ ಸಿಗುವುದಿಲ್ಲವಾದ್ದರಿಂದ ನಾವು ಮೊದಲಿನ ರೂಪವನ್ನೇ ಇಟ್ಟುಕೊಂಡಿದ್ದೇವೆ.

ಅಧ್ಯಯನಕ್ಕೆ ಪ್ರೇರಣೆ ಒಂದು ಮೌಲ್ಯಮಾಪನ ವರದಿ. ನೆರೆಯವರೊಬ್ಬರು ತಮ್ಮ ಹಳೆಯ ಬೋಟಿನ ಮೇಲೆ ಸಾಲ ಕೇಳಿದ್ದರು. ಸಾಲ ಕೊಡುವವರು ಘಟ್ಟದ ಮೇಲಿಂದ ಒಬ್ಬ ಪರಿಣತರನ್ನು ಕಳಿಸಿದರು. ಪರಿಣತರು ಮೂಗಿಗೆ ಕರವಸ್ತ್ರ ಹಿಡಿದು ಧಕ್ಕೆಯ ಮೇಲೆ ನಿಂತು, ಬೋಟಿನ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, ಫೋಟೋ ಹೊಡೆದುಕೊಂಡು ಹೋದರು. ಆಮೇಲೆ ಬಂದ ವರದಿಯಲ್ಲಿ ‘ಸದರಿ ವಿಷಯಾಧೀನ ತೇಲುಸ್ವತ್ತು’ ಇತ್ತು, ‘ಅವಶಿಷ್ಟ ಉಪಯುಕ್ತ ಆಯುರ್ಮಾನ’ ಇತ್ತು, ‘ಇಚ್ಛಾಪೂರ್ವಕ ಖರೀದಿದಾರನ ಸಮಂಜಸ ಸನ್ನದ್ಧತೆ’ಯೂ ಇತ್ತು. ಅಡಿಹಲಗೆ ಎಲ್ಲಿ ಸೀಳಿದೆ ಎಂಬುದೊಂದು ಇರಲಿಲ್ಲ. ಲಗತ್ತಿಸಿದ್ದ ಕೋಷ್ಟಕವಂತೂ ವೇಕ್‌ಬೋರ್ಡ್ ಬೋಟುಗಳದು. ಅಮೆರಿಕದ ಕೆರೆಗಳಲ್ಲಿ ಹಲಗೆಗೆ ಕಾಲು ಬಿಗಿದುಕೊಂಡವನನ್ನು ಹಗ್ಗ ಕಟ್ಟಿ ಎಳೆದಾಡಿಸುವ ಬೋಟು ಅದು. ಹಿಂದೆ ದೊಡ್ಡ ಅಲೆ ಏಳಲೆಂದು ಅದರ ತೊಟ್ಟಿಗಳಿಗೆ ಪಂಪು ಹಚ್ಚಿ ನೀರು ತುಂಬಿಸುತ್ತಾರೆ. ನಮ್ಮಲ್ಲಿ ಪಂಪು ಇರುವುದು ಒಳಗೆ ಬಂದ ನೀರನ್ನು ಹೊರಗೆ ಹಾಕಲು. ಈ ಸಣ್ಣ ವ್ಯತ್ಯಾಸವನ್ನು ವರದಿ ಗಣನೆಗೆ ತೆಗೆದುಕೊಂಡಿಲ್ಲ.

ಪೂರ್ವಸೂರಿಗಳು ಮತ್ತು ಸಂಶೋಧನಾ ಕಂದರ

ಯಾವ ಮಹಾಪ್ರಬಂಧವೂ ಹಿಂದಿನವರೆಲ್ಲ ಏನನ್ನು ಬಿಟ್ಟುಹೋದರೆಂದು ದೂರದೆ ಶುರುವಾಗಬಾರದು. 14ನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಎಂದು ಎಣಿಸಿ ಬರೆದಿಟ್ಟ. ಶಾಲೆ ಎಣಿಸಲು ಬಿಡುವಿದ್ದವನಿಗೆ ಶರಾವತಿಯ ದಂಡೆಯಲ್ಲಿ ಕಟ್ಟಿಹಾಕಿದ್ದ ಹಳೆಯ ಹಡಗುಗಳ ದರ ವಿಚಾರಿಸಲು ಪುರುಸೊತ್ತಾಗಲಿಲ್ಲ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಹಿಡಿಯಲು ಹೊರಟಾಗ ಬೆನ್ನಿಗೆ ನಿಂತವನು ಹೊನ್ನಾವರದ ತಿಮ್ಮೋಜಿ. ಸಮುದ್ರವನ್ನು ಅವನಷ್ಟು ಬಲ್ಲವರು ಆಗ ಈ ತೀರದಲ್ಲಿ ಕಡಿಮೆ. ಅವನೂ ಸವಕಳಿ ಲೆಕ್ಕ ಬಿಟ್ಟುಹೋಗಿಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಚಿನ್ನದ ಬೆಲೆ ಬಂದಾಗ ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ‘ಕುಮಟಾ ಹತ್ತಿ’ಯ ದರ ದೂರದ ಪೇಟೆಗಳವರೆಗೂ ಗೊತ್ತಿತ್ತು. ಅದನ್ನು ಹೊತ್ತ ಹಡಗಿನ ದರ ಯಾರಿಗೂ ಬೇಕಾಗಲಿಲ್ಲ. ಹೀಗೆ ಏಳು ಶತಮಾನಗಳಿಂದ ತೆರೆದೇ ಇರುವ ಕಂದರವನ್ನು ತುಂಬುವ ಹೊಣೆ ನಮ್ಮ ತಲೆಗೆ ಬಂದಿದೆ.

ಸಪ್ತಕ್ಷಯ ವಿವೇಚನೆ

ಬಹುಭುಕ್ತ ಬೋಟಿನ ಕ್ಷಯ ಏಳು ವಿಧ. ಒಂದೊಂದರಲ್ಲೂ ಗೋಚರ, ಅಗೋಚರ, ಬಣ್ಣಾಚ್ಛಾದಿತ ಎಂಬ ಮೂರು ಉಪಭೇದ. ಒಟ್ಟು ಇಪ್ಪತ್ತೊಂದು. ಕ್ರಮವಾಗಿ ನೋಡೋಣ.

ಮೊದಲನೆಯದು ಕಾಷ್ಠಕ್ಷಯ. ಮರದ ಬೋಟಿನ ಮುಖ್ಯ ವೈರಿ ಹಡಗುಹುಳು. ಹೆಸರಿಗೆ ಹುಳು, ಜಾತಿಯಲ್ಲಿ ಎರಡು ಚಿಪ್ಪಿನ ಮೃದ್ವಂಗಿ. ಎಂದರೆ ಅಘನಾಶಿನಿಯ ಅಳಿವೆಯಲ್ಲಿ ಆರಿಸಿ ತಂದು ನಾವು ಸುಕ್ಕ ಮಾಡಿ ತಿನ್ನುವ ಬಳಚಿನ ದಾಯಾದಿ. ಹೊರಗಿನಿಂದ ನೋಡಿದರೆ ಸೂಜಿ ಚುಚ್ಚಿದಷ್ಟು ತೂತು, ಒಳಗೆ ಹಲಗೆಯ ಉದ್ದಕ್ಕೂ ಸುರಂಗ. ನಾವು ಅವರ ಕುಲವನ್ನು ತಿನ್ನುತ್ತೇವೆ, ಅವರು ನಮ್ಮ ಬೋಟನ್ನು ತಿನ್ನುತ್ತಾರೆ. ಈ ಪರಸ್ಪರ ಭಕ್ಷಣ ಸಂಬಂಧದ ಸಾಂಸ್ಕೃತಿಕ ರಾಜಕಾರಣವನ್ನು ಇನ್ನೊಂದು ಸಂಕಿರಣಕ್ಕೆ ಕಾಯ್ದಿರಿಸಿದ್ದೇವೆ. ಗೆಣ್ಣಿನಿಂದ ಕುಟ್ಟಿದರೆ ಒಳಗಿನ ಸುರಂಗ ತಿಳಿಯುವುದಿಲ್ಲ. ಬೋಟನ್ನು ಮೇಲೆಳೆದು ನೀರಗೆರೆಯ ಕೆಳಗೆ ಚೂಪು ಮೊಳೆ ಊರಿ ನೋಡಬೇಕು.

ಎರಡನೆಯದು ಲೋಹಕ್ಷಯ. ಬೋಟಿನ ಅಡಿಯ ಉಕ್ಕಿನ ಭಾಗಗಳಿಗೆ ಸತುವಿನ ಗಟ್ಟಿಗಳನ್ನು ಕಟ್ಟಿರುತ್ತಾರೆ. ಉಪ್ಪುನೀರು ಉಕ್ಕನ್ನು ಬಿಟ್ಟು ಮೊದಲು ಸತುವನ್ನು ತಿನ್ನುತ್ತದೆ. ಸತು ಸವೆದಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ. ಹೊಸದಾಗಿಯೇ ಉಳಿದಿದ್ದರೆ ಅನುಮಾನಿಸಬೇಕು. ನಮ್ಮ ಪರಿಣತರು ಸವೆದ ಸತುವಿನ ಫೋಟೋ ಹಾಕಿ ‘ನಿರ್ವಹಣಾ ನಿರ್ಲಕ್ಷ್ಯ’ ಎಂದು ಅಂಕ ಕಳೆದಿದ್ದರು.

ಮೂರನೆಯದು ಯಂತ್ರಕ್ಷಯ. ವೇಕ್‌ಬೋರ್ಡ್ ಬೋಟಿಗೆ ಮೈಲಿಮಾಪಕ ಇಲ್ಲ, ಗಂಟೆಮಾಪಕ ಇದೆ. ಸಾವಿರ ಗಂಟೆ ದಾಟಿದ ಬೋಟು ಎಂದರೆ ಕೊಳ್ಳುವವನು ಹುಬ್ಬೇರಿಸುತ್ತಾನೆ. ಉಪ್ಪುನೀರು ಕಂಡ ಬೋಟಾದರೆ ಇನ್ನೂ ಕಡಿತ. ಆಳಸಮುದ್ರಕ್ಕೆ ಹೋಗಿ ಹಗಲುರಾತ್ರಿ ಎಂಜಿನ್ ಓಡಿಸುವ ಟ್ರಾಲರಿಗೆ ಸಾವಿರ ಗಂಟೆ ಎಂದರೆ ನಲವತ್ತೆರಡು ದಿನ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಕಡಲಿಗಿಳಿದ ಹೊಚ್ಚಹೊಸ ಬೋಟು ಈ ಕೋಷ್ಟಕದ ಪ್ರಕಾರ ಚೌತಿ ಹಬ್ಬದ ಆಸುಪಾಸಿಗೆ ಮುದಿಯಾಗುತ್ತದೆ. ದೀಪಾವಳಿಗೆ ಅದರ ತಿಥಿ.

ನಾಲ್ಕನೆಯದು ಜಾಲಕ್ಷಯ, ಐದನೆಯದು ಗಂಧಕ್ಷಯ ಎಂದರೆ ಐಸುಪೆಟ್ಟಿಗೆಗೆ ಅಂಟಿದ ವಾಸನೆಯ ಸೂಚ್ಯಂಕ, ಆರನೆಯದು... ಸಾಕು. ಇಪ್ಪತ್ತೊಂದು ಮಾಡಿ ಯಾರಿಗೆ ಕೊಡಬೇಕಾಗಿದೆ? ಮುಂದಿನ ಪ್ರಮೇಯಕ್ಕೆ ಹೋಗೋಣ.

ಅಕ್ಷಯ ಸಿದ್ಧಾಂತ

ಕ್ಷಯವೆಲ್ಲ ಭ್ರಮೆ ಎಂಬ ಪ್ರತಿವಾದವೂ ಉಂಟು. ಅದರ ಪ್ರತಿಪಾದಕರು ಆದಾಯ ತೆರಿಗೆಯವರು. 1962ರ ಆದಾಯ ತೆರಿಗೆ ನಿಯಮಗಳ ಸವಕಳಿ ಪಟ್ಟಿಯಲ್ಲಿ ಮರದ ಒಡಲಿನ ಮೀನುಗಾರಿಕಾ ದೋಣಿಗೆ ಶೇ. 20 ಎಂದಿತ್ತು. ಒಳನಾಡಿನ ನೀರಿನಲ್ಲಿ ಓಡುವ ಸ್ಪೀಡ್‌ಬೋಟಿಗೂ ಶೇ. 20. ಕೆರೆಯಲ್ಲಿ ಪ್ರವಾಸಿಗಳನ್ನು ಸುತ್ತಿಸುವ ದೋಣಿಯೂ ಅರಬ್ಬೀ ಸಮುದ್ರದ ತೂಫಾನಿನಲ್ಲಿ ಬಲೆ ಎಳೆಯುವ ದೋಣಿಯೂ ಒಂದೇ ವೇಗದಲ್ಲಿ ಸವೆಯುತ್ತವೆಂಬ ಈ ಅದ್ವೈತ ಶಂಕರರಿಗೂ ಹೊಳೆದಿರಲಿಲ್ಲ.

ಉಳಿದ ಮೌಲ್ಯದ ಮೇಲೆ ವರ್ಷವರ್ಷ ಶೇ. 20 ಕಳೆಯುತ್ತ ಹೋಗುವ ಲೆಕ್ಕ ಇದು. 50 ಲಕ್ಷದ ಬೋಟು ಐದು ವರ್ಷಕ್ಕೆ 16.38 ಲಕ್ಷ, ಹತ್ತಕ್ಕೆ 5.37 ಲಕ್ಷ, ಇಪ್ಪತ್ತಕ್ಕೆ ಸುಮಾರು 57,600 ರೂಪಾಯಿ. ಆದರೆ ಎಂದೂ ಸೊನ್ನೆಯಾಗದು. ನೂರು ವರ್ಷವಾದರೂ ಪೈಸೆಯ ಹತ್ತನೆಯ ಒಂದು ಭಾಗ ಉಳಿದಿರುತ್ತದೆ. ಹಲಗೆ ಒಲೆಗೆ, ಕಬ್ಬಿಣ ಗುಜರಿಗೆ, ಮಾಲೀಕ ಮಸಣಕ್ಕೆ ಹೋದ ಮೇಲೂ ಪುಸ್ತಕದಲ್ಲಿ ಬೋಟು ತೇಲುತ್ತಲೇ ಇರುತ್ತದೆ.

ಆತ್ಮಾನಾತ್ಮ ವಿವೇಕ

ಅಷ್ಟೇ ಅಲ್ಲ, ಬೋಟಿಗೆ ಆತ್ಮವೂ ಇದೆ. ಅದು ನೋಂದಣಿ ಸಂಖ್ಯೆ. ಇಲ್ಲಿ ಅಣಕವನ್ನು ತುಸು ಬದಿಗಿಡಬೇಕಾಗುತ್ತದೆ, ಏಕೆಂದರೆ ಇದು ನಿಜ. ಯಾಂತ್ರೀಕೃತ ಬೋಟನ್ನು ಮನಸ್ಸಿಗೆ ಬಂದಂತೆ ಕಟ್ಟುವಂತಿಲ್ಲ. ಮೀನುಗಾರಿಕೆ ಇಲಾಖೆಯ ಸಾಧ್ಯತಾ ಪತ್ರ ಬೇಕು, ನೋಂದಣಿ ಬೇಕು, ಲೈಸೆನ್ಸ್ ಬೇಕು. ಕರರಹಿತ ಡೀಸೆಲ್ ಸಿಗುವುದು ಈ ಕಾಗದಗಳಿಗೆ, ಮರಕ್ಕಲ್ಲ. ಹಾಗಾಗಿ ಹಳೇ ಬೋಟು ಕೊಳ್ಳುವವನು ಕಾಗದದ ಕಟ್ಟನ್ನು ಬಿಚ್ಚಿ ಅರ್ಧ ಗಂಟೆ ಓದಿ, ಬೋಟಿನ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಅವನನ್ನು ಹುಚ್ಚನೆನ್ನಬೇಡಿ. ಒಡಲು ನಶ್ವರವೆಂದು ಅವನಿಗೆ ಮನವರಿಕೆಯಾಗಿದೆ. ನಮ್ಮ ಪರಿಣತರ ವರದಿಯಲ್ಲಿ ಈ ಕಾಗದಗಳಿಗೆ ಬೆಲೆ ‘ಅನ್ವಯಿಸುವುದಿಲ್ಲ’.

ಇನ್ನು ಸೂತ್ರ ಕೊಡದಿದ್ದರೆ ಪ್ರಬಂಧ ಅಂಗವಿಕಲವಾಗುತ್ತದೆ: ಮೌ = (ಖ × ಬ) − ತು + ಅ. ಇಲ್ಲಿ ಖ ಎಂದರೆ ಖರೀದಿ ಬೆಲೆ, ಬ ಎಂದರೆ ಬಣ್ಣದ ಹೊಸತನ, ತು ಎಂದರೆ ತುಕ್ಕು, ಅ ಎಂದರೆ ಅಳಿವೆ ಗುಣಾಂಕ. ಮೊದಲ ಮೂರನ್ನು ಯಾರಾದರೂ ಲೆಕ್ಕ ಹಾಕಿಯಾರು. ಅಳಿವೆ ಗುಣಾಂಕಕ್ಕೆ ಬಂದಾಗ ನನ್ನ ಕೈ ನಿಂತಿತು.

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಬಾಯಿ ಹೂಳಿನಿಂದ ಕಟ್ಟಿಕೊಂಡಿದೆ. ಮೀನು ತುಂಬಿಕೊಂಡು ಬಂದ ಬೋಟು ಆಳಸಮುದ್ರವನ್ನು ದಾಟಿ, ಮನೆ ಕಾಣುವ ದೂರದಲ್ಲಿ ಮರಳದಿಬ್ಬಕ್ಕೆ ಬಡಿಯುತ್ತದೆ. ಹೂಳು ತೆಗೆಯಿರಿ ಎಂದು ಮನವಿ ಕೊಡುವುದು ಇಲ್ಲಿ ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವಷ್ಟೇ ನಿಯಮಿತವಾದ ಆಚರಣೆ. ಅದೇ ಅಳಿವೆಯ ದಂಡೆಯ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಟ್ಟಲೆ ಬೀದಿಯಲ್ಲಿ ನಿಂತಿದ್ದಾರೆ. ಹೆಂಗಸರು ಮೀನು ಒಣಗಿಸುವ ಅಂಗಳಗಳು ಅಲ್ಲಿವೆ, ಕಡಲಾಮೆ ಮೊಟ್ಟೆಯಿಡುವ ಮರಳು ಅಲ್ಲಿದೆ. ಅದೇ ಕಾಸರಕೋಡಿನ ಇನ್ನೊಂದು ಮಗ್ಗುಲಿಗೆ 2020ರಲ್ಲಿ ‘ನೀಲಿ ಬಾವುಟ’ ಸಿಕ್ಕಿತು, ದಂಡೆ ಚೊಕ್ಕಟವಾಗಿದೆ ಎಂದು. ಎಳೆದು ನಿಲ್ಲಿಸಲು ದಂಡೆಯೇ ಇಲ್ಲದ ಮೇಲೆ ಬೋಟಿಗೆ ಎಂಥ ಮರುಮಾರಾಟ ಮೌಲ್ಯ ಸ್ವಾಮಿ? ಇದನ್ನು ಯಾವ ಉಪಭೇದದಲ್ಲಿ ಹಾಕಲಿ, ಗೋಚರವೋ ಬಣ್ಣಾಚ್ಛಾದಿತವೋ?

ಸವೆಯುತ್ತಿರುವುದು ಬೋಟು ಎಂದು ಕೋಷ್ಟಕಗಳು ಹೇಳುತ್ತವೆ. ಆದರೆ ಏನೂ ಸವೆಯದೆಯೂ ಬೆಲೆ ಹೋಗುವುದುಂಟು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಈ ಕರಾವಳಿಗೆ ಬಂದಾಗ ದಂಡೆಗೆ ಎಳೆಯುವ ರಾಂಪಣಿ ಬಲೆಗಳಿಗೇನೂ ಆಗಿರಲಿಲ್ಲ. ನೂಲು ಗಟ್ಟಿಯಾಗಿತ್ತು, ಗಂಟು ಸಡಿಲವಾಗಿರಲಿಲ್ಲ, ಊರಿನ ಹತ್ತಾರು ಜನ ಕೈಜೋಡಿಸಿ ಎಳೆದು ಪಾಲು ಹಂಚಿಕೊಳ್ಳುವ ಕ್ರಮವೂ ಗಟ್ಟಿಯಾಗಿತ್ತು. ದಂಡೆಗೆ ಬರಬೇಕಾದ ಬಂಗಡೆ, ತಾರ್ಲೆಗಳನ್ನು ಪರ್ಸಿನ್ ಬೋಟುಗಳು ಆಚೆಯೇ ಸುತ್ತುಗಟ್ಟಿ ಹಿಡಿದದ್ದರಿಂದ ಕೆಲವೇ ವರ್ಷಗಳಲ್ಲಿ ರಾಂಪಣಿ ಬೆಲೆಯಿಲ್ಲದ ಹಗ್ಗದ ರಾಶಿಯಾಯಿತು. ಆಮೇಲೆ ಪರ್ಸಿನಿನವರೇ ಲೈಟ್ ಹಾಕಿ ಹಿಡಿಯುವವರನ್ನು ದೂರುವ ಕಾಲ ಬಂತು. ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ರಾತ್ರಿ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಿದವರಿಗೆ ಆ ನಿಷೇಧ ಎಷ್ಟು ಪ್ರಕಾಶಮಾನವಾಗಿದೆ ಎಂದು ತಿಳಿಯುತ್ತದೆ. ಕೊಳ್ಳುವವನು ಬೋಟಿಗೆ ಕೊಡುವ ದುಡ್ಡು ಮುಂದಿನ ಹತ್ತು ವರ್ಷ ಸಿಗಬಹುದಾದ ಮೀನಿನ ಮೇಲಿನ ಜೂಜು. ಆ ಮೀನನ್ನು ಸ್ವತ್ತಿನ ಪಟ್ಟಿಯಲ್ಲಿ ಬರೆದ ಒಂದೂ ವರದಿಯನ್ನು ನಾನು ನೋಡಿಲ್ಲ.

ಮನುಷ್ಯರನ್ನು ಬರೆದ ವರದಿಯನ್ನೂ ನೋಡಿಲ್ಲ. ವರದಿಯಲ್ಲಿ ಎಂಜಿನ್ನಿಗೆ ಒಂದು ಪುಟ, ವಿಂಚಿಗೆ ಅರ್ಧ ಪುಟ, ಜಿಪಿಎಸ್‌ಗೆ ಮೂರು ಸಾಲು. ಆ ವಿಂಚಿನ ಮುಂದೆ ಹತ್ತು ವರ್ಷ ನಿಂತ ಕಲಾಸಿಯ ಭುಜಕ್ಕೆ ಸವಕಳಿ ದರ ಎಷ್ಟು? ಐಸಿನಲ್ಲಿ ಕೈಯಿಟ್ಟು ಮೀನು ಬೇರ್ಪಡಿಸಿದವನ ಬೆರಳಿಗೆ? ನಮ್ಮ ಮೂರೂ ತಾಲ್ಲೂಕುಗಳ ಹುಡುಗರು ಮಲ್ಪೆಗೆ, ಗೋವಾಕ್ಕೆ, ರತ್ನಾಗಿರಿಗೆ ಬೋಟಿಗೆ ಹೋಗುತ್ತಾರೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ದಲ್ಲಿ ಏಳು ಜನ ಇದ್ದರು. ಐದು ಜನ ಉತ್ತರ ಕನ್ನಡದವರು. ತಿಂಗಳುಗಟ್ಟಲೆ ಸುದ್ದಿಯೇ ಇರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದಡಿಯಲ್ಲಿ ಅವಶೇಷ ಪತ್ತೆಹಚ್ಚಿತು. ಬೋಟು ಸಿಕ್ಕಿತು. ಜನ ಸಿಗಲಿಲ್ಲ. ಇದಾದ ಮೇಲೂ ‘ಅವಶಿಷ್ಟ ಉಪಯುಕ್ತ ಆಯುರ್ಮಾನ’ ಎಂಬ ಪದವನ್ನು ಓದಿ ನಗುವುದು ನನಗೆ ಕಷ್ಟವಾಗುತ್ತಿದೆ.

ನೆರೆಯವರಿಗೆ ಸಾಲ ಸಿಗಲಿಲ್ಲ, ಬೋಟು ಮಾರುವುದೆಂದಾಯಿತು. ಕೊಳ್ಳಲು ಬಂದವನು ತದಡಿಯಲ್ಲೇ ಹುಟ್ಟಿ ಬೆಳೆದವನು, ಮೊದಲು ಕಲಾಸಿಯಾಗಿದ್ದವನು. ಕೋಷ್ಟಕ ತಂದಿರಲಿಲ್ಲ. ಎಂಜಿನ್ ಹಾಕಿಸಿ, ಒಂದು ಬೀಡಿ ಮುಗಿಯುವ ತನಕ ಶಬ್ದ ಕೇಳಿದ. ಒಳಗಿಳಿದು ತಳದಲ್ಲಿ ನಿಂತ ನೀರನ್ನು ಬೆರಳಿನಲ್ಲಿ ಅದ್ದಿ ಮೂಸಿದ, ಡೀಸೆಲ್ ಇದೆಯಾ ಎಂದು. ಅಡಿಗೆ ಹೋಗಿ ಮೊಳೆ ಊರಿ ನೋಡಿದ. ಕಾಗದ ಓದಿದ. ಮೇಲೆ ಬಂದು ಕೈ ಒರೆಸಿಕೊಳ್ಳುತ್ತ ಒಂದು ಮೊತ್ತ ಹೇಳಿದ. ವರದಿಯ ಅಂದಾಜಿಗಿಂತ ಜಾಸ್ತಿಯೇ ಇತ್ತು. ನೆರೆಯವರು ಒಪ್ಪುವವರಿದ್ದರು. ಅಷ್ಟರಲ್ಲಿ ಅವನು ಬೋಟು ನಡೆಸುವ ತಾಂಡೇಲನ ಬಗ್ಗೆ ಕೇಳಿದ:

"ತಾಂಡೇಲ ಈಗಿನವನೇ ಬರ್ತಾನಾ, ಬೋಟಿನ ಸಂತಿಗೆ?"

"ಇಲ್ಲ. ಅವ ಮಲ್ಪೆಗೆ ಹೋದ."

"ಹಂಗಾದ್ರೆ ಐವತ್ತು ಸಾವಿರ ಕಡಿಮೆ."