ದ್ವಿನೇತ್ರ ಮೌಲ್ಯಮೀಮಾಂಸೆ

ಲಕ್ಷಣ ಪ್ರಕರಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಆರ್ಥಿಕ ಇತಿಹಾಸ ಬರೆದವರು ಹತ್ತಿ, ಜೋಳ, ಕಬ್ಬು, ನೇಯ್ಗೆ, ಜಾತ್ರೆಗಳ ಬಗೆಗೆ ಸಾಕಷ್ಟು ಹೇಳಿದ್ದರೂ, ಹಳೆಯ ಫೋಟೋ ಸ್ಟುಡಿಯೋಗಳ ಕಪಾಟಿನಲ್ಲಿ ಚರ್ಮದ ಕವಚ ತೊಟ್ಟು ಕುಳಿತ ಎರಡು ಕಣ್ಣಿನ ಕ್ಯಾಮೆರಾಗಳ ಮರುಮಾರಾಟದ ಬೆಲೆಯನ್ನು ಕುರಿತು ಮೌನ ತಾಳಿರುವುದು ವಿದ್ವತ್ತಿಗೆ ಭೂಷಣವಲ್ಲವಾದ್ದರಿಂದ, ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಪ್ರಯೋಜನ.

ಈ ಎರಡು ಕಣ್ಣಿನವು ಸೇರುವ ಕುಲವಾದ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಎಂದರೆ, 1901ರಲ್ಲಿ ಕೊಡಾಕ್ ಕಂಪನಿ ಬಳಕೆಗೆ ತಂದ 120 ಎಂಬ ಹೆಸರಿನ, ಬೆನ್ನಿಗೆ ಕಾಗದ ಕಟ್ಟಿಕೊಂಡ, ಸುಮಾರು 6 ಸೆಂಟಿಮೀಟರ್ ಅಗಲದ ರೋಲನ್ನು ನುಂಗುವ ಯಂತ್ರ. ಚೌಕಾಕಾರದಲ್ಲಿ ತೆಗೆದರೆ ಒಂದು ರೋಲಿಗೆ 12 ಚಿತ್ರಗಳು ಮಾತ್ರ ಬರುತ್ತಿದ್ದುದರಿಂದ, ಮದುವೆಯ ಚಪ್ಪರದಲ್ಲಿ ಯಾರು ಹತ್ತಿರದ ಸಂಬಂಧಿಕರು, ಯಾರು ದೂರದವರು ಎಂಬ ಸೂಕ್ಷ್ಮವನ್ನು ಹಿರಿಯರಿಗಿಂತ ಮೊದಲು ಫೋಟೋದವನೇ ನಿರ್ಣಯಿಸಬೇಕಾಗಿತ್ತು. ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3 ಈ ಕುಲದ ಬಡ ಬಂಧು, ಲೆನಿನ್‌ಗ್ರಾಡಿನ ಲ್ಯುಬಿಟೆಲ್ ಮತ್ತು ಶಾಂಘೈನ ಸೀಗಲ್ ಮಧ್ಯಮ ವರ್ಗ, 1970ರಿಂದ 1986ರವರೆಗೆ ತಯಾರಾದ ಜಪಾನಿನ ಯಾಷಿಕಾ ಮ್ಯಾಟ್ 124ಜಿ ಅನುಕೂಲಸ್ಥ ಮನೆತನ, 1929ರಲ್ಲಿ ಹುಟ್ಟಿದ ಜರ್ಮನಿಯ ರೋಲೈಫ್ಲೆಕ್ಸ್ ಜಹಗೀರದಾರ.

ಪೂರ್ವಪಕ್ಷ ಪ್ರಕರಣ

ಬೆಲೆಯ ಮೂಲವನ್ನು ಕುರಿತು ನಾಲ್ಕು ವಾದಗಳಿವೆ. ಮೊದಲನೆಯದಾದ ವಿಸ್ತೀರ್ಣವಾದವು ಹೊಲಮನೆ ಉಳ್ಳವರಿಗೆ ಪ್ರಿಯವಾದುದು: ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನ ಒಂದು ಚಿತ್ರದ ಕ್ಷೇತ್ರ 864 ಚದರ ಮಿಲಿಮೀಟರ್, ಯಾಷಿಕಾದ 56×56ರ ಚೌಕದ ಕ್ಷೇತ್ರ 3136 ಚದರ ಮಿಲಿಮೀಟರ್, ಆದ್ದರಿಂದ ಬೆಲೆಯೂ ಮೂರೂವರೆ ಪಟ್ಟಿಗಿಂತ ಕಡಿಮೆಯಾಗಕೂಡದು ಎಂಬುದು ಇವರ ಗಣಿತ. ಈ ಗಣಿತ ಸರಿಯಾಗಿದ್ದರೂ, ನೀರಾವರಿಯಿಲ್ಲದ ಹೊಲಕ್ಕೆ ವಿಸ್ತೀರ್ಣವೊಂದೇ ಬೆಲೆ ತಾರದೆಂಬುದನ್ನು ಮಲಪ್ರಭೆಯ ಕಾಲುವೆ ತಲುಪದ ಹಳ್ಳಿಗಳವರು ಬಲ್ಲರು. ಫಿಲ್ಮೇ ಕ್ಯಾಮೆರಾದ ನೀರಾವರಿ. ಅಗ್ಗದ ಕಪ್ಪು-ಬಿಳುಪು ಫಿಲ್ಮನ್ನು ಇಂದು ಎಂಬ ಹೆಸರಿನಲ್ಲಿ ಒದಗಿಸುತ್ತಿದ್ದ, 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಬಾಗಿಲು ಮುಚ್ಚಿದ ಮೇಲೆ ಆ ಕಾಲುವೆ ಬತ್ತಿದೆ.

ಎರಡನೆಯದು ಪ್ರಾಚೀನತಾವಾದ. ಕ್ಯಾಮೆರಾ ಕಿತ್ತೂರಿನದಾದರೆ ಅದು ಚೆನ್ನಮ್ಮನ ಕಾಲದ್ದೆಂದೂ, ರಾಮದುರ್ಗದ್ದಾದರೆ ಸಂಸ್ಥಾನದ ವಾಡೆಯಿಂದ ಹೊರಬಿದ್ದದ್ದೆಂದೂ ಹೇಳಿದರೆ ಬೆಲೆ ತಾನಾಗಿ ಏರುತ್ತದೆ ಎಂಬುದು ಇದರ ಸಾರ. ಆದರೆ ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದದ್ದು 1829ರ ಫೆಬ್ರುವರಿಯಲ್ಲಿ, ಡಾಗೆರ್‌ನ ಛಾಯಾಗ್ರಹಣ ವಿಧಾನ ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಬಹಿರಂಗವಾದದ್ದು 1839ರಲ್ಲಿ. ರಾಮದುರ್ಗ ಸಂಸ್ಥಾನ ವಿಲೀನವಾದದ್ದು 1948ರಲ್ಲಿ, 124ಜಿ ಕಾರ್ಖಾನೆಯಿಂದ ಹೊರಬಂದದ್ದು ಅದಕ್ಕೂ 22 ವರ್ಷಗಳ ನಂತರ. ಹೀಗೆ ಕಾಲಗಣನೆಯು ಈ ವಾದವನ್ನು ಎರಡೂ ಕಡೆಯಿಂದ ಹಿಂಡುವುದರಿಂದ ಇದು ಗ್ರಾಹ್ಯವಲ್ಲ. ಆದರೂ ಕೊಳ್ಳುವವನಿಗೆ ಇಸವಿಗಳು ಗೊತ್ತಿಲ್ಲದ ಸಂದರ್ಭದಲ್ಲಿ ಫಲಕಾರಿಯಾಗಿದೆ.

ಮೂರನೆಯದು ನಿರ್ಮಲತಾವಾದ. ಲೆನ್ಸಿನೊಳಗೆ ಬೂಷ್ಟು ಹಿಡಿಯದ ಕ್ಯಾಮೆರಾಕ್ಕೇ ಬೆಲೆ ಎಂದು ಜಗತ್ತಿನ ಪೇಟೆಗಳು ಒಪ್ಪಿರುವುದರಿಂದ, ಮಲೆನಾಡಿನ ತೇವಕ್ಕಿಂತ ಎರೆನೆಲದ ಒಣಹವೆಯಲ್ಲಿ ಬಾಳಿದ ಯಂತ್ರಗಳಿಗೆ ಹೆಚ್ಚಿನ ದರ ಸಿಗಬೇಕು. ಇದು ತರ್ಕಬದ್ಧವಾದರೂ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜಾತ್ರೆಯ ಫೋಟೋ ಹೊಡೆದ ಕ್ಯಾಮೆರಾದ ಸಂದುಗೊಂದುಗಳಿಗೆ ಇಳಿಯುವ ಭಂಡಾರವನ್ನೂ, ಪ್ರತಿ ಖಂಡೇನವಮಿಗೆ ಮುಚ್ಚಳದ ಮೇಲೆ ಏರುವ ವಿಭೂತಿ-ಕುಂಕುಮವನ್ನೂ ಈ ವಾದಿಗಳು ಮರೆತಿದ್ದಾರೆ. ಹೊರಗಿನ ಪೇಟೆ ಕಲೆಯೆಂದು ದರ ಇಳಿಸುವುದನ್ನು ಒಡೆಯ ದೈವಕೃಪೆಯೆಂದು ಏರಿಸುತ್ತಾನೆ. ಇವೆರಡನ್ನೂ ಸಮನ್ವಯಗೊಳಿಸುವ ಭಾಷ್ಯಕಾರ ಇನ್ನೂ ಹುಟ್ಟಬೇಕಾಗಿದೆ.

ನಾಲ್ಕನೆಯದು ಗುಜರಿಯವರ ತೂಕವಾದ. 124ಜಿ ಸುಮಾರು 1.1 ಕಿಲೋ ತೂಗುತ್ತದೆ. ಗಾಜು ಕಳೆದು ಲೋಹಕ್ಕೆ ದರ ಕಟ್ಟಿದರೆ ಲೆಕ್ಕ ಮುಗಿಯಿತು. ಕ್ಯಾಮೆರಾ ಯಾರದು, ಯಾರ ಮದುವೆ ತೆಗೆಯಿತು ಎಂದು ಕೇಳದ ಏಕೈಕ ಪಂಥ ಇದಾದ್ದರಿಂದ ಇದನ್ನು ವಸ್ತುನಿಷ್ಠವೆನ್ನಬಹುದು, ಆದಕಾರಣವೇ ಇದಕ್ಕೆ ಅನುಯಾಯಿಗಳು ಕಡಿಮೆ.

ಸಿದ್ಧಾಂತ ಪ್ರಕರಣ

ಈ ನಾಲ್ಕೂ ವಾದಗಳು ಕ್ಯಾಮೆರಾದ ಹೊರಗೆ ಹುಡುಕಿದ ಉತ್ತರವು ಅದರ ಒಳಗೇ ಇದೆ. ದ್ವಿನೇತ್ರ ಯಂತ್ರದಲ್ಲಿ ಮೇಲಿನ ಲೆನ್ಸು ನೋಡುವುದಕ್ಕೆ, ಕೆಳಗಿನದು ಹಿಡಿಯುವುದಕ್ಕೆ. ಎರಡರ ನಡುವೆ ಕೆಲವೇ ಸೆಂಟಿಮೀಟರ್ ಅಂತರವಿರುವುದರಿಂದ ಕಂಡದ್ದಕ್ಕೂ ಸಿಕ್ಕಿದ್ದಕ್ಕೂ ಉಂಟಾಗುವ ವ್ಯತ್ಯಾಸಕ್ಕೆ ಪ್ಯಾರಲಾಕ್ಸ್ ದೋಷವೆಂದು ಹೆಸರು. ದೂರದ ಗುಡ್ಡವನ್ನು ತೆಗೆಯುವಾಗ ಈ ದೋಷ ಗಣನೆಗೆ ಬಾರದು, ಹತ್ತಿರ ನಿಂತವರ ತಲೆ ಮಾತ್ರ ಹಾರಿಹೋಗುತ್ತದೆ. ಮರುಮಾರಾಟವೂ ಇದೇ ನಿಯಮಕ್ಕೆ ಬದ್ಧವಾಗಿದ್ದು, ಮಾರುವವನಿಗೆ ಕಂಡ ಬೆಲೆಗೂ ಅವನ ಕೈಗೆ ಸಿಕ್ಕ ಬೆಲೆಗೂ ಇರುವ ಅಂತರವು ಗಿರಾಕಿಯ ಸಾಮೀಪ್ಯದೊಂದಿಗೆ ಹೆಚ್ಚುತ್ತದೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬಂದು ಕಿತ್ತೂರಿನಲ್ಲಿ ಕಾರು ನಿಲ್ಲಿಸಿದ ಅಪರಿಚಿತನಿಂದ ಹೇಳಿದ ದರವೇ ದೊರೆಯುತ್ತದೆ. ಓಣಿಯವನು ಅರ್ಧಕ್ಕೆ ಕೇಳುತ್ತಾನೆ. ಗೆಳೆಯ ಸಾಲ ಹೇಳುತ್ತಾನೆ. ಯಾಷಿಕಾ ಸುಮಾರು ಒಂದು ಮೀಟರಿಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಕಾಣಲಾರದು ಎಂಬ ಯಾಂತ್ರಿಕ ಸತ್ಯಕ್ಕೆ ಅನುಗುಣವಾಗಿ, ಪಕ್ಕದಲ್ಲೇ ಊಟಕ್ಕೆ ಕುಳಿತ ಬೀಗರು ಕೇಳಿದಾಗ ಬೆಲೆ ಕಾಣಿಸುವುದೇ ಇಲ್ಲ.

ಇದಕ್ಕೆ ವಿರುದ್ಧ ತುದಿಯ ನಿದರ್ಶನ ಚಂದ್ರನ ಮೇಲಿದೆ. ಅಪೊಲೊ ಯಾತ್ರಿಕರು ಕಲ್ಲುಮಣ್ಣು ತರಲು ಭಾರ ಇಳಿಸಬೇಕಾಗಿ, ಚಿತ್ರ ತುಂಬಿದ ಫಿಲ್ಮಿನ ಡಬ್ಬಿಗಳನ್ನು ಮಾತ್ರ ಹಿಡಿದು, ತಮ್ಮ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾಗಳಲ್ಲಿ ಹಲವನ್ನು ಅಲ್ಲೇ ಬಿಟ್ಟುಬಂದರು. ಬೀಗರ ಕೈಗೆ ಎಂದೂ ಎಟುಕದ ಕ್ಯಾಮೆರಾಗಳು ಅವು ಮಾತ್ರವಾದ್ದರಿಂದ, ಅವುಗಳ ಮೌಲ್ಯವು ಅನಂತವೆಂದು ಸಿದ್ಧವಾಗುತ್ತದೆ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದ ಮಾರಾಟಗಾರನು ಗಿರಾಕಿಯ ಊರು ಕೇಳಿದ ಮೇಲೆಯೇ ದರ ಹೇಳುವನು. ಕೊಳ್ಳುವವನು ಊರು ಕೇಳಿದೊಡನೆ ಬಳಗ ಹುಡುಕತೊಡಗುವನು. ಮೂರು ಮಾತಿನೊಳಗೆ ಇಬ್ಬರೂ ಒಂದೇ ಸೋದರಮಾವನ ಕಡೆಯವರೆಂದು ಪತ್ತೆಯಾಗಿ, ಚಹಾ ಬಂದು, ಕ್ಯಾಮೆರಾ ಮಾರಾಟಕ್ಕಿಲ್ಲವೆಂದು ತೀರ್ಮಾನವಾಗುವುದು. ಈ ನಾಲ್ಕು ಊರುಗಳ ಕಪಾಟುಗಳಲ್ಲಿ ಇನ್ನೂ ಕ್ಯಾಮೆರಾಗಳು ಉಳಿದಿರುವುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.