ಪೋಷಕ ಸಹಭಾಗಿತ್ವ ಮೀಮಾಂಸೆ

ಮಕ್ಕಳ ಕಲಿಕಾ ಪ್ರಕ್ರಿಯೆಯಲ್ಲಿ ಕುಟುಂಬವೆಂಬ ಭಾಗೀದಾರ ಘಟಕವನ್ನು ಸಕ್ರಿಯವಾಗಿ ತೊಡಗಿಸಿಕೊಳ್ಳುವ ಬಹುಆಯಾಮಿ, ಫಲಿತಾಂಶಕೇಂದ್ರಿತ, ಸುಸ್ಥಿರ ಕಾರ್ಯತಂತ್ರಗಳ ಅನುಷ್ಠಾನಾತ್ಮಕ ಅವಲೋಕನವೇ ಪ್ರಸ್ತುತ ಪ್ರಬಂಧದ ಉದ್ದೇಶ. ಈ ವಾಕ್ಯ ಅರ್ಥವಾಗದವರು ಗಾಬರಿಪಡಬೇಕಿಲ್ಲ. ತರಬೇತಿಯಲ್ಲಿ ಇದನ್ನು ಪರದೆಯ ಮೇಲೆ ತೋರಿಸಿ ಓದಿ ಹೇಳಿದ ಸಂಪನ್ಮೂಲ ವ್ಯಕ್ತಿಗೂ ಅರ್ಥವಾದಂತೆ ಕಾಣಲಿಲ್ಲ. ಮಧ್ಯಾಹ್ನದ ಊಟ ಮಾತ್ರ ಚೆನ್ನಾಗಿತ್ತು.

ಮೊದಲು ಪೂರ್ವಪಕ್ಷ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿ, ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವವರು ಅವರು, ಅನುದಾನ ಎಲ್ಲಿ ಖರ್ಚಾಯಿತೆಂದು ನೋಡುವವರೂ ಅವರು. ಕರ್ನಾಟಕಕ್ಕೆ ಇದು ಹೊಸ ಪಾಠವೇನಲ್ಲ. ನಮ್ಮ ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ 2001ರಲ್ಲೇ ಹುಟ್ಟಿತು. ಅಂದರೆ ಕಾಗದದ ಮೇಲೆ ಶಾಲೆಯ ಯಜಮಾನರು ಕಬ್ಬು ಕಡಿಯುವವರು, ಗಾರೆ ಕೆಲಸದವರು, ಬೀಡಿ ಕಟ್ಟುವವರು. ಕಾಯ್ದೆ ಬರೆದವರ ಮುಗ್ಧತೆಗೆ ಮೀಮಾಂಸಕನು ಇಲ್ಲಿ ತಲೆಬಾಗುತ್ತಾನೆ.

ಇನ್ನು ಸಿದ್ಧಾಂತ. ಅದು ಒಂದೇ ಸೂತ್ರದಲ್ಲಿದೆ: ಸಹಿಯೇ ಸಹಭಾಗಿತ್ವ.

ಇದರ ಭಾಷ್ಯ ಹೀಗೆ. ನಡಾವಳಿ ಪುಸ್ತಕದಲ್ಲಿ ಮೇಲಿನ ಅರ್ಧ ಪುಟ ಖಾಲಿ ಬಿಡತಕ್ಕದ್ದು. ಕೆಳಗಿನ ಅರ್ಧದಲ್ಲಿ ಸಹಿ ಹಾಕಿಸತಕ್ಕದ್ದು. ಸಭೆ ಮುಗಿದು ಎಲ್ಲರೂ ಮನೆಗೆ ಹೋದಮೇಲೆ ಖಾಲಿ ಜಾಗದಲ್ಲಿ ‘ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ದುಂಡಗೆ ಬರೆಯತಕ್ಕದ್ದು. ಚರ್ಚೆಗಿಂತ ಮೊದಲೇ ಸರ್ವಾನುಮತ ದೊರಕಿಸಿಕೊಡುವ ಇಂಥ ವಿಧಾನ ವಿಧಾನಸಭೆಗೂ ಇನ್ನೂ ಸಿದ್ಧಿಸಿಲ್ಲ.

ಸಹಭಾಗಿತ್ವದ ಸ್ವರೂಪವನ್ನು ಅನುಸರಿಸಿ ಪೋಷಕರನ್ನು ಏಳು ವಿಧವಾಗಿ ವಿಂಗಡಿಸಬಹುದು. ಹಸ್ತಾಕ್ಷರಿ ಪೋಷಕ: ಸಹಿ ಬಲ್ಲವನು, ಆದ್ದರಿಂದ ಅಧ್ಯಕ್ಷ. ಪ್ಲಾಸ್ಟಿಕ್ ಕುರ್ಚಿಗೆ ಅರ್ಹ. ಅಂಗುಷ್ಠ ಪೋಷಕಿ: ಜಮಖಾನದ ಮೇಲೆ ಕೂರುವವಳು. ಹೆಬ್ಬೆರಳಿನ ನೇರಳೆ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು ಇವಳ ವ್ಯವಚ್ಛೇದಕ ಲಕ್ಷಣ. ಛಾಯಾಚಿತ್ರ ಪೋಷಕರು: ಬ್ಯಾನರಿನ ಹಿಂದೆ ಸಾಲಾಗಿ ನಿಂತು, ವಾಟ್ಸ್ಆ್ಯಪ್ ಗುಂಪಿಗೆ ಚಿತ್ರ ಹೋಗುವವರೆಗೆ ಮಾತ್ರ ಅಸ್ತಿತ್ವದಲ್ಲಿರುವವರು. ನಾಲ್ಕನೆಯದು ಪಟ್ಟಣದ ಖಾಸಗಿ ಶಾಲೆಗಳಲ್ಲಿ ಸಿಗುವ ಥರ್ಮಾಕೋಲ್ ಪೋಷಕರು. ರಾತ್ರಿ ಒಂಬತ್ತಕ್ಕೆ ಸ್ಟೇಷನರಿ ಅಂಗಡಿಯ ಅರ್ಧ ಇಳಿದ ಷಟರ್ ಕೆಳಗೆ ಬಗ್ಗಿ ‘ಜ್ವಾಲಾಮುಖಿಗೆ ಕೆಂಪು ಬಣ್ಣ ಇದೆಯಾ?’ ಎಂದು ಕೇಳುವವರು ಇವರೇ. ಮಗು ಮಲಗಿರುತ್ತದೆ, ಅಮ್ಮ ಪ್ರಾಜೆಕ್ಟ್ ಮಾಡುತ್ತಿರುತ್ತಾಳೆ. ಇಲ್ಲಿ ಸಹಭಾಗಿತ್ವ ನೂರಕ್ಕೆ ನೂರು, ಮಗುವಿನ ಪಾಲು ಮಾತ್ರ ಸೊನ್ನೆ.

ಐದು, ಆರು, ಏಳನೆಯ ವಿಧಗಳನ್ನು ಬಿಟ್ಟಿದ್ದೇನೆ. ಬರೆದರೆ ಬರೆಯಬಹುದು, ಆ ಎರಡನೆಯ ವಿಧದವಳು ಬಿಡುತ್ತಿಲ್ಲ.

ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಅವಳು ಅಂದಿನ ಕೂಲಿ ಬಿಟ್ಟು ಬಂದಿದ್ದಳು. ಸ್ವಚ್ಛತೆ, ಸಮವಸ್ತ್ರ, ಆಧಾರ್ ಜೋಡಣೆ, ದಾನಿಗಳಿಗೆ ವಂದನೆ ಎಲ್ಲ ಮುಗಿಯುವವರೆಗೂ ಸುಮ್ಮನೆ ಕೂತಿದ್ದು, ಬಿಸ್ಕತ್ತು ಹಂಚುವ ಹೊತ್ತಿಗೆ ಎದ್ದು ನಿಂತಳು. ‘ಸಾ, ನಮ್ ಹೈದ ಓದ್ತಾವ್ನಾ?’

‘ಅದನ್ನೆಲ್ಲ ಆಮೇಲೆ ಮಾತಾಡಾಣ ಕಣಮ್ಮ, ಮೊದ್ಲು ಇಲ್ಲಿ ಒತ್ತು.’

ಆಮೇಲೆ ಯಾರೂ ಮಾತಾಡಲಿಲ್ಲ. ಇಡೀ ಕಾಯ್ದೆಯ ಪರವಾಗಿ ಅಂದು ಅಲ್ಲಿ ಮಾತಾಡಿದವಳು ಅವಳೊಬ್ಬಳೇ. ಮಗುವಿನ ಹಾಜರಿ ಹೇಗಿದೆ, ಎಷ್ಟು ಕಲಿತಿದೆ ಎಂದು ಪೋಷಕರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು ಅದೇ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಉಪಕಾರವಲ್ಲ, ಕರ್ತವ್ಯ. ಅವಳ ಮಗ ಐದನೇ ತರಗತಿ. ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ. ಇಷ್ಟು ಹೇಳುವುದಕ್ಕೆ ಎರಡು ನಿಮಿಷ ಸಾಕಾಗಿತ್ತು. ಹೇಳದೆ ಕಳಿಸಿ, ವರ್ಷದ ಕೊನೆಯ ವರದಿಯಲ್ಲಿ ‘ಪೋಷಕರಲ್ಲಿ ಶೈಕ್ಷಣಿಕ ಜಾಗೃತಿಯ ಕೊರತೆ’ ಎಂದು ಬರೆಯಲು ಇವರಿಗೆ ಕೈಯಾದರೂ ಹೇಗೆ ಬರುತ್ತದೆ?

ಮೇಷ್ಟ್ರನ್ನೇ ಬಯ್ದು ಕೂರುವುದೂ ನ್ಯಾಯವಲ್ಲ. ಎರಡು ತರಗತಿಗೆ ಒಬ್ಬರೇ, ಮೊಟ್ಟೆ, ಬಾಳೆಹಣ್ಣು, ಹಾಲಿನ ಪುಡಿಯ ಲೆಕ್ಕವೂ ಅವರದೇ. ನಡುವೆ ಚುನಾವಣೆ, ಗಣತಿ. ಅವರಿಂದ ಮೇಲಿನವರು ಕೇಳುವುದು ಪೋಷಕರು ಏನೆಂದರು ಎಂಬುದನ್ನಲ್ಲ, ಎಷ್ಟು ಜನ ಬಂದರು ಎಂಬುದನ್ನು. ಸಂಖ್ಯೆ ಕೇಳಿದವರಿಗೆ ಸಂಖ್ಯೆ ಸಿಗುತ್ತಿದೆ.

ಉಪಸಂಹಾರಕ್ಕೆ ಬದಲಾಗಿ ಒಂದು ಪ್ರಯೋಗಾತ್ಮಕ ಕಾರ್ಯತಂತ್ರವನ್ನು ಮಂಡಿಸಿದ್ದೆ: ಸಭೆಯನ್ನು ಸಂಜೆ ಏಳಕ್ಕೆ, ಕೆಲಸ ಮುಗಿದ ಮೇಲೆ, ಅವರ ಕೇರಿಯ ಜಗಲಿಯಲ್ಲೇ ನಡೆಸೋಣ, ಬ್ಯಾನರ್ ಬೇಡ, ಪ್ರತಿ ಮಗುವಿನ ನೋಟ್‌ಬುಕ್ ಒಯ್ದು ಅವರಪ್ಪ ಅವ್ವನ ಮುಂದೆ ಓದಿಸೋಣ. ಎಲ್ಲರೂ ತಲೆದೂಗಿ ಪ್ರಸ್ತಾವವನ್ನು ಸರ್ವಾನುಮತದಿಂದ ತಿರಸ್ಕರಿಸಿದರು. ಆ ಹೊತ್ತಿನಲ್ಲಿ ಫೋಟೋ ಸರಿಯಾಗಿ ಬರುವುದಿಲ್ಲವಂತೆ.