ಟಿಪ್ಪಣಿತಂತ್ರಾಂಶ ಮೀಮಾಂಸೆ (ಸಭಾಷ್ಯ, ಸಚಾರ್ಜರ)

ಶಾಸ್ತ್ರ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ನೋಟ್ಸ್ ಆ್ಯಪ್. ಪ್ರಯೋಜನ: ಓದುತ್ತಿದ್ದೇವೆಂಬ ಸಮಾಧಾನ. ಅಧಿಕಾರಿ: ಪರೀಕ್ಷೆಗೆ ಹದಿನೈದು ದಿನ ಉಳಿದಿರುವ ಯಾರಾದರೂ. ಸಂಬಂಧ: ವೈಫೈ ಇರುವಷ್ಟು ಹೊತ್ತು.

ಸೂತ್ರ 1: ಇಟ್ಟದ್ದು ಓದಿದ್ದೇ.

ಭಾಷ್ಯ: ಏಕಾರವು ಅವಧಾರಣಾರ್ಥಕ, ಇಟ್ಟರೆ ಸಾಕು, ಓದು ಬೇಡವೆಂದು ಭಾವ. 2003ರಲ್ಲಿ ಒನ್‌ನೋಟ್, 2008ರಲ್ಲಿ ಎವರ್‌ನೋಟ್ ಅವತರಿಸಿದವು. ಎರಡನೆಯದರ ಲಾಂಛನ ಆನೆ. ಆನೆ ಯಾವುದನ್ನೂ ಮರೆಯದಂತೆ. ಆನೆಯೇ ಮರೆಯದ ಮೇಲೆ ಮಾವುತ ನೆನಪಿಡುವುದೇಕೆ? ಆದ್ದರಿಂದ ವಿದ್ಯಾರ್ಥಿಯು ಕರಿಹಲಗೆಯ ಫೋಟೋ ತೆಗೆದು ಆನೆಯ ಬಾಯಿಗೆ ಹಾಕಿ ಕ್ಯಾಂಟೀನಿಗೆ ಹೋಗುತ್ತಾನೆ. ಅಡಿಕೆಯಷ್ಟು ಓದು, ಆನೆಯಷ್ಟು ನೋಟ್ಸ್.

ಪೂರ್ವಪಕ್ಷ: ಕೈಬರಹವೇ ಮೇಲಲ್ಲವೆ? ಸಂಶೋಧಕರಾದ ಮ್ಯುಲರ್ ಮತ್ತು ಓಪನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಲ್ಯಾಪ್‌ಟಾಪಿನವರು ಉಪನ್ಯಾಸವನ್ನು ಹೆಚ್ಚಾಗಿ ಪದಶಃ ಕುಟ್ಟಿಕೊಂಡರು, ಅರ್ಥ ಕೆದಕುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು.

ಸಮಾಧಾನ: ಮತ್ತೆ ಪ್ರಯೋಗಿಸಿದವರಿಗೆ ಫಲ ಅಷ್ಟು ಸ್ಪಷ್ಟವಾಗಿ ಸಿಗಲಿಲ್ಲ. ಮೇಲಾಗಿ, 'ಬರ್ಕೊಳ್ಳಿ' ಎಂದು ನಾವು ಮೇಷ್ಟ್ರುಗಳು ಕಾಮಾ, ಫುಲ್‌ಸ್ಟಾಪ್ ಸಮೇತ ಹೇಳಿ ಬರೆಸಿದ್ದು ಪೆನ್ನಿನ ಕಾಲದಲ್ಲೇ. ಪದಶಃ ಬರೆಯುವ ಪಾಪ ಕೀಲಿಮಣೆಯದಲ್ಲ, ನಮ್ಮದು.

ಸೂತ್ರ 2: ಸಿಂಕಾದಲ್ಲಿ ಲೋಪಾಗಮಾದೇಶಗಳು.

ಭಾಷ್ಯ: ಎರಡು ಅಕ್ಷರ ಕೂಡಿದರೆ ಸಂಧಿ, ಎರಡು ಯಂತ್ರ ಕೂಡಿದರೆ ಸಿಂಕ್. ಫೋನಿನಲ್ಲಿ ಬರೆದದ್ದು ಲ್ಯಾಪ್‌ಟಾಪಿನಲ್ಲಿ ಕಾಣದಿರುವುದು ಲೋಪ. ಒಂದೇ ಪಾಠ ಮೂರು ಪ್ರತಿಯಾಗಿ ಬಂದು ಕೂರುವುದು ಆಗಮ. ಯೂನಿಕೋಡಿಗೂ ಮುಂಚಿನ ಫಾಂಟಿನಲ್ಲಿದ್ದ ನನ್ನ ಹಳೆಯ 'ಸಂಧಿಪ್ರಕರಣ'ವನ್ನು ಅಂಟಿಸಿದಾಗ ಕನ್ನಡಕ್ಕೆ ಬದಲಾಗಿ ಕೊಂಬು, ಟೋಪಿ ಹೊತ್ತ ರೋಮನ್ ಅಕ್ಷರಗಳು ಬಂದವು, ಇದು ಆದೇಶ. ಉದಾಹರಣೆ ಕೊಡಬೇಕಿದ್ದ ಪಾಠವೇ ಉದಾಹರಣೆಯಾದದ್ದು ಶಾಸ್ತ್ರದ ಮಹಿಮೆ.

ಸೂತ್ರ 3: ಕೊಂಡಿಯಿಂದ ಮುಕ್ತಿ.

ಭಾಷ್ಯ: ಜರ್ಮನ್ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮಾನ್ (1927–1998) ಸುಮಾರು 90,000 ಚೀಟಿ ಬರೆದು, ಸಂಖ್ಯೆಗಳಿಂದ ಒಂದಕ್ಕೊಂದು ತಳುಕು ಹಾಕಿ, ಪೆಟ್ಟಿಗೆಗಳಲ್ಲಿಟ್ಟು, ಹತ್ತಾರು ಪುಸ್ತಕ ಹೊರತೆಗೆದರು. ಅವರ ಇಂದಿನ ಭಕ್ತರು ಒಬ್ಸಿಡಿಯನ್ ಎಂಬ ಆ್ಯಪಿನಲ್ಲಿ ಜೋಡಿ ಚೌಕ ಆವರಣ ಹಾಕಿ ಟಿಪ್ಪಣಿಗೆ ಟಿಪ್ಪಣಿ ಬೆಸೆಯುತ್ತಾರೆ. ತೆರೆಯ ಮೇಲೆ ಚುಕ್ಕಿರಂಗೋಲಿ ಮೂಡುತ್ತದೆ. ನನ್ನ ರಂಗೋಲಿಯಲ್ಲಿ 'ಪಂಪನ ಕಾಲ'ಕ್ಕೂ 'ಹಾಲಿನ ಬಾಕಿ'ಗೂ ಗಟ್ಟಿ ಗೆರೆಯಿದೆ. ಲೂಮಾನ್ ಚೀಟಿಯಿಂದ ಪುಸ್ತಕ ಮಾಡಿದರು. ನಾವು ಪುಸ್ತಕದಿಂದ ಚೀಟಿ ಮಾಡುತ್ತೇವೆ.

ಸೂತ್ರ 4: ಅಳಿಸುವವನು ಓದುವನು.

ಭಾಷ್ಯ: ಫೈಲಿಗೆ ನಾವು ಕೊಟ್ಟಿರುವ ಹೆಸರು 'ಕಡತ'. ಮೂಲ ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಮಡಿಚಿಟ್ಟ ಬಟ್ಟೆ. ಅದರ ಮೇಲೆ ಬಳಪದ ಲೆಕ್ಕ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬಹುದಿತ್ತು. ಆದರೆ ಅಳಿಸುವ ಮುನ್ನ ಯಾರ ಬಾಕಿ ತೀರಿದೆ, ಯಾರದು ತೀರಿಲ್ಲ ಎಂದು ಓದಿ ನೋಡಲೇಬೇಕು. ಹೆಸರನ್ನು ನಾವು ಉಳಿಸಿಕೊಂಡೆವು, ಒರೆಸುವ ಬಟ್ಟೆಯನ್ನು ಬಿಟ್ಟೆವು.

ಫಲಶ್ರುತಿ: ಈ ಸೂತ್ರವನ್ನು ಲೇಖಕನು ತನ್ನ ಮೇಲೆಯೇ ಪ್ರಯೋಗಿಸಿದನು. ಒಂದು ರಾತ್ರಿ ಕುಳಿತು ಆ್ಯಪಿನಲ್ಲಿದ್ದುದನ್ನು ಒಂದೊಂದಾಗಿ ಅಳಿಸತೊಡಗಿದನು. ಇಡಲೋ ಬಿಡಲೋ ತಿಳಿಯಲು ಪ್ರತಿಯೊಂದನ್ನೂ ಓದಬೇಕಾಯಿತು. ಮರುದಿನ ಫೋನನ್ನು ಜೇಬಿನಿಂದ ತೆಗೆಯದೆಯೇ ಒಂದು ಗಂಟೆ ಪಾಠ ಮಾಡಿದನು. ತರಗತಿ ಎಂದಿಲ್ಲದಂತೆ ನಿಶ್ಶಬ್ದವಾಗಿತ್ತು. ಕೊನೆಗೆ ಹಿಂದಿನ ಬೆಂಚಿನವನೊಬ್ಬ ಎದ್ದುನಿಂತು, ನಿಜವಾದ ಆತಂಕದಿಂದ ಕೇಳಿದನು:

"ಸಾರ್, ಇವತ್ತು ಹೇಳಿದ್ದು ನೋಟ್ಸಲ್ಲೇ ಇಲ್ವಲ್ಲ, ಇದು ಪರೀಕ್ಷೆಗೆ ಬರುತ್ತಾ?"